ನಾನು ಸುತ್ತಿದ ಸೈರನ್

ಪೀಣ್ಯದ ನಮ್ಮ ಮೋಟಾರು ಕಾರ್ಖಾನೆಯಲ್ಲಿ ತಂತಿ ಸುತ್ತುವ ವೈಂಡಿಂಗ್ ಕೋಣೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಒಳಗೆ ನಾವು ನಾಲ್ವರು ಹೆಂಗಸರು, ಜೊತೆಗೆ ರಾಶಿ ತಾಮ್ರದ ತಂತಿ. ಬೀಗ ಹಾಕಿದ್ದು ತಂತಿಗೆ, ನಿಮಗಲ್ಲ ಎಂದು ಮಾಲೀಕರು ಬಹಳ ನಯವಾಗಿ ಹೇಳುತ್ತಿದ್ದರು. ಊಟದ ಡಬ್ಬಿಯಲ್ಲಿ ತಂತಿ ಸಾಗಿಸಿಬಿಟ್ಟೇವು ಎಂದು ಡಬ್ಬಿಗಳನ್ನೂ ಹೊರಗಿನ ಹಲಗೆಯ ಮೇಲೇ ಇಡಬೇಕಿತ್ತು. ಬಚ್ಚಲಿಗೆ ಹೋಗಬೇಕೆಂದರೂ ಬಾಗಿಲು ಬಡಿದು, ಸ್ಟೋರ್ ನೋಡಿಕೊಳ್ಳುವವರು ಕೀಲಿ ತರುವವರೆಗೆ ಕಾಯಬೇಕು. ಎಂಬತ್ತರ ದಶಕದ ಮೊದಲ ವರ್ಷಗಳವು. ಕೆಲಸ ಸಿಕ್ಕಿದ್ದೇ ಹೆಚ್ಚು, ಬಾಯಿ ಮುಚ್ಚಿಕೊಂಡಿರು ಎಂದು ಮನೆಯವರು ಹೇಳುತ್ತಿದ್ದರು. ನನ್ನದು ಅಷ್ಟು ಸುಲಭಕ್ಕೆ ಮುಚ್ಚುವ ಬಾಯಲ್ಲ.

ವಾರ್ನಿಷ್ ಓವನ್ ಕೂಡ ಅದೇ ಕೋಣೆಯ ಮೂಲೆಯಲ್ಲಿತ್ತು. ಸುತ್ತಿದ ಕಾಯಿಲನ್ನು ವಾರ್ನಿಷ್‌ನಲ್ಲಿ ಅದ್ದಿ ಓವನ್ನಿನಲ್ಲಿಟ್ಟು ಒಣಗಿಸುತ್ತಿದ್ದೆವು. ಒಮ್ಮೊಮ್ಮೆ ಹೊಗೆಯಾಡುತ್ತಿತ್ತು. ಹೊಗೆ ಕಂಡಾಗಲೆಲ್ಲ ನಾನು ಮೊದಲು ಬಾಗಿಲು ನೋಡುತ್ತಿದ್ದೆ, ಆಮೇಲೆ ಕಿಟಕಿಯ ಸರಳು. ಹೆದರಿಕೆ ಅದು, ಬೇರೆ ಹೆಸರು ಯಾಕೆ ಕೊಡಲಿ?

ಒಂದು ದಿನ ಮಾಲೀಕರನ್ನು ನಿಲ್ಲಿಸಿ ಕೇಳಿಯೇಬಿಟ್ಟೆ.

“ಸಾರ್, ಬೆಂಕಿಗಿಂಕಿ ಬಿದ್ರೆ ನಾವು ಹೇಗೆ ಆಚೆ ಬರೋದು? ಆ ಬೀಗ ತೆಗೆಸ್ಬಿಡಿ.”

“ಅದಕ್ಕೇ ಕಣಮ್ಮ ಸೈರನ್ ತರಿಸ್ತಿದೀನಿ. ಅದು ಕೂಗಿದ ತಕ್ಷಣ ಸ್ಟೋರ್‌ನವರು ಓಡಿಬಂದು ಬಾಗ್ಲು ತೆಗೀತಾರೆ. ಇನ್ನೇನು ಬೇಕು?”

ಬಂದದ್ದು ಹೊಸ ಸೈರನ್ ಅಲ್ಲ. ಮುಚ್ಚಿಹೋದ ಯಾವುದೋ ಗಿರಣಿಯ ಗುಜರಿಯಲ್ಲಿ ಸಿಕ್ಕ ಹಳೇ ಮುದುಕ. ಎರಕದ ಕಬ್ಬಿಣದ ಮೈ, ಸುತ್ತ ಸೀಳುಗಳಿದ್ದ ಡ್ರಮ್ಮು, ಒಳಗೆ ಗಾಳಿ ತಳ್ಳುವ ಚಕ್ರ, ಅದನ್ನು ತಿರುಗಿಸಲು ಒಂದು ಮೋಟಾರು. ಸೀಳುಗಳ ತುಂಬ ಕಣಜ ಗೂಡು ಕಟ್ಟಿದ ಮಣ್ಣು. ಫಿಟ್ಟರು ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತುಕ್ಕು ಕೆರೆದು, ಬೇರಿಂಗ್ ಬದಲಿಸಿ, ಚಕ್ರ ಸಲೀಸಾಗಿ ತಿರುಗುವ ಹಾಗೆ ಮಾಡಿದರು. ಮೋಟಾರಿನ ಕಾಯಿಲ್ ಮಾತ್ರ ಸುಟ್ಟು ಕರಕಲಾಗಿತ್ತು. ಅದು ನನ್ನ ಮೇಜಿಗೆ ಬಂತು.

ಸುಟ್ಟ ತಂತಿಯನ್ನು ಬಿಡಿಸುತ್ತ ಸುತ್ತುಗಳನ್ನು ಎಣಿಸಿಕೊಂಡೆ. ಅಷ್ಟೇ ದಪ್ಪದ ಹೊಸ ತಂತಿ ಹುಡುಕಿದೆ. ಬೇರೆ ಮೋಟಾರುಗಳನ್ನು ಕೆಲಸವೆಂದು ಸುತ್ತುತ್ತಿದ್ದೆ, ಇದನ್ನು ಹಬ್ಬದ ದಿನ ಮಗಳಿಗೆ ಜಡೆ ಹೆಣೆಯುವ ಹಾಗೆ ಸುತ್ತಿದೆ. ಒಂದೆಳೆಯ ಮೇಲೆ ಇನ್ನೊಂದೆಳೆ ಹತ್ತಲು ಬಿಡಲಿಲ್ಲ. ನೂಲಿನ ಟೇಪು ಬಿಗಿದೆ, ಸಡಿಲವೆನಿಸಿ ಬಿಚ್ಚಿ ಮತ್ತೆ ಬಿಗಿದೆ. ಪಕ್ಕದವಳು ನಕ್ಕಳು.

“ಏನೇ, ಅದನ್ನ ಗಂಡನ ಮನೆಗೆ ಕಳಿಸ್ತೀಯಾ ಹೇಗೆ?”

“ಇದು ಕೂಗಿದ್ರೆ ತಾನೆ ನಮ್ ಬಾಗ್ಲು ತೆಗೆಯೋದು?” ಅಂದೆ.

ನಾನದನ್ನು ನಿಜವಾಗಿಯೂ ನಂಬಿದ್ದೆ.

ಸೈರನ್ ಶೆಡ್ಡಿನ ಮಾಡಿನ ಮೇಲೆ ಕೂತಿತು, ಸ್ವಿಚ್ಚು ಆಫೀಸಿನಲ್ಲಿ. ಒಂದು ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಯಾರಿಗೂ ಹೇಳದೆ ಮಾಲೀಕರು ಸ್ವಿಚ್ ಒತ್ತಿದರು. ಹೇಳದೆ ಒತ್ತಿದರೇ ಪರೀಕ್ಷೆ ಎಂದು ಅವರ ಲೆಕ್ಕ. ಆದರೆ ಪೀಣ್ಯದಲ್ಲಿ ಸೈರನ್ ಎಂದರೆ ಶಿಫ್ಟು, ಇಲ್ಲವೇ ಊಟ. ಪಕ್ಕದ ದೊಡ್ಡ ಕಾರ್ಖಾನೆಯ ಸೈರನ್ ಕೇಳಿಯೇ ನಮ್ಮವರೆಲ್ಲ ಡಬ್ಬಿ ಬಿಚ್ಚುತ್ತಿದ್ದರು. ಹೊರಗಿನವರು ಮೆಷಿನ್ ನಿಲ್ಲಿಸಿದರು, ಕೈ ತೊಳೆದರು, ಡಬ್ಬಿ ಹಿಡಿದು ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಹೋಗಿ ಕೂತರು. ಸ್ಟೋರ್‌ನವರು ಸೈಕಲ್ ಹತ್ತಿ ರಾಜಗೋಪಾಲನಗರದ ತಮ್ಮ ಮನೆಗೆ ಊಟಕ್ಕೆ ಹೊರಟರು. ಅವರು ಉಂಡು ಬಂದ ಮೇಲೆಯೇ ದಿನಾ ನಮ್ಮನ್ನು ಊಟಕ್ಕೆ ಬಿಡುತ್ತಿದ್ದದ್ದು. ಕೀಲಿ ಅವರ ಜೇಬಿನಲ್ಲಿತ್ತು.

ಇದೆಲ್ಲ ಆಮೇಲೆ ತಿಳಿದದ್ದು. ಒಳಗೆ ನಾವು ಮೊದಲು ಚಪ್ಪಾಳೆ ತಟ್ಟಿದೆವು. “ನಾನ್ ಸುತ್ತಿದ್ದು ಕಣ್ರೇ!” ಎಂದು ಕುಣಿದೆ. ಆಮೇಲೆ ನಾಲ್ವರೂ ಬಾಗಿಲಿಗೆ ಮುಖ ಮಾಡಿ ನಿಂತೆವು, ಈಗ ಬೀಗ ತೆಗೆಯುತ್ತಾರೆ ಎಂದು. ಸದ್ದು ಏರುತ್ತಲೇ ಹೋಯಿತು. ಯಾರೂ ಬರಲಿಲ್ಲ. ಬಾಗಿಲು ಬಡಿದೆವು. ಆ ಕೂಗಿನಲ್ಲಿ ನಾವು ಬಡಿದದ್ದು ನಮಗೇ ಕೇಳಿಸಲಿಲ್ಲ, ಹೊರಗಿನವರಿಗೆ ಎಲ್ಲಿಂದ ಕೇಳಬೇಕು? ನಿಜವಾಗಿ ಎಲ್ಲೋ ಬೆಂಕಿ ಬಿದ್ದಿದೆಯೋ ಏನೋ, ಅದೂ ಗೊತ್ತಿಲ್ಲ. ನಮ್ಮಲ್ಲಿ ಚಿಕ್ಕವಳು ಓವನ್ನಿನ ಸ್ವಿಚ್ ಆರಿಸಿ ಅಳತೊಡಗಿದಳು. ಒಂದು ಕ್ಷಣವೂ ತಡವರಿಸದೆ, ಉಸಿರು ಕಟ್ಟದೆ ಕೂಗುತ್ತಿತ್ತು ಆ ಮುದಿ ಸೈರನ್. ಅಷ್ಟು ಚೆನ್ನಾಗಿ ಯಾಕಾದರೂ ಸುತ್ತಿದೆನೋ ಎಂದು ನನ್ನ ಕೈಗಳ ಮೇಲೇ ಸಿಟ್ಟು ಬಂತು.

ಕೂಗು ನಿಂತಿತು. ಕಿಟಕಿಯಲ್ಲಿ ಮಾಲೀಕರ ಮುಖ ಕಾಣಿಸಿತು, ಅಗಲವಾದ ನಗು.

“ಸೂಪರ್ ಕಣಮ್ಮ! ಚಿಕ್ಕಬಾಣಾವರಕ್ಕೂ ಕೇಳ್ಸಿರತ್ತೆ. ತಗೊಳ್ಳಿ, ಸ್ವೀಟ್ ತಿನ್ನಿ.”

ಸರಳುಗಳ ನಡುವಿನಿಂದ ಪೇಡ ಒಳಗೆ ಬಂತು.

“ಬಾಗ್ಲು, ಸಾರ್?”

“ಅಯ್ಯೋ, ಸ್ಟೋರ್‌ನವರು ಊಟಕ್ಕೆ ಹೋಗ್ಬಿಟ್ಟಿದಾರೆ. ಬರ್ತಾರೆ ಬಿಡಿ. ಮೊದ್ಲು ಇದನ್ನ ತಿನ್ನಿ.”

ಹೊಟ್ಟೆ ಹಸಿದಿತ್ತು, ಡಬ್ಬಿ ಹೊರಗಿತ್ತು. ತಿಂದೆ. ಬೈಯಲು ತೆರೆದ ಬಾಯಿಗೆ ಪೇಡ ಹೋಯಿತು. ಆ ಸಿಹಿ ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮರುದಿನ ಬೆಳಿಗ್ಗೆ ನನ್ನ ಸ್ಟೂಲನ್ನು ಮೇಜಿನ ಹತ್ತಿರ ಹಾಕಲಿಲ್ಲ. ಬಾಗಿಲಿಗೆ ಎಳೆದು ತಂದು, ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಕೂತೆ. ಸ್ಟೋರ್‌ನವರು ಬೀಗ ಹಿಡಿದು ಬಂದರು. ಮಾಕಳಿ ಕಡೆಯ ಹಳ್ಳಿಯಿಂದ ಬಂದವರು, ವಯಸ್ಸಾದವರು, ಕೆಟ್ಟವರಲ್ಲ.

“ಇಂಗೆಲ್ಲ ಒಸ್ಲ ಮ್ಯಾಲೆ ಕುಂತ್ಕೋಬಾರ್ದು ಕಣವ್ವ, ಒಳ್ಳೇದಲ್ಲ. ಏಳು, ಬೀಗ ಆಕ್ಬೇಕು.”

“ಹಾಕಿ ಅಣ್ಣ. ಆದ್ರೆ ನೀವೂ ಒಳಗೆ ಬಂದ್ಬಿಡಿ. ಆಚೆಯಿಂದ ಬೇರೆಯವರು ಹಾಕ್ಕೊಂಡು, ಕೀಲಿ ಜೇಬಲ್ಲಿಟ್ಕೊಂಡು ಊಟಕ್ಕೆ ಹೋಗ್ಲಿ.”

ಅವರು ಕೈಯಲ್ಲಿದ್ದ ಬೀಗ ನೋಡಿದರು. ನನ್ನ ತಲೆಯ ಮೇಲಿಂದ ಮೂಲೆಯ ಓವನ್ನು ನೋಡಿದರು. ಒಳಗೆ ಮಾತ್ರ ಕಾಲಿಡಲಿಲ್ಲ. ನಾನೂ ಏಳಲಿಲ್ಲ.