ನಾನು ನಕಲಿ ಎಂದ ಕಾರ್ಡು

ಹೋದ ವಾರ ಕೊರಿಯರಿನಲ್ಲಿ ಬಂದ ಲಕೋಟೆಯನ್ನು ಒಡೆದಾಗ ಸೋಪಿನ ಪುಡಿಯ ವಾಸನೆ ಬಂತು. ಒಳಗಿದ್ದದ್ದು ಇಂಟರ್ನೆಟ್ಟಿನಲ್ಲಿ ಕೊಂಡ ಒಂದು ಹಳೆಯ ಬೇಸ್‌ಬಾಲ್ ಕಾರ್ಡು, ಜೊತೆಗೆ ಮಾರಿದಾತನ ಕೈಬರಹದ ಚೀಟಿ. ಕಾರ್ಡು ಅಂಗಿಯ ಜೇಬಿನಲ್ಲಿ ಉಳಿದು ಈಚೆಗೆ ಒಗೆತಕ್ಕೆ ಹೋಗಿತ್ತಂತೆ. ಸೋಪಿನ ಪುಡಿಯಲ್ಲಿ ಬಿಳುಪಿಗೆಂದು ಹಾಕುವ ರಾಸಾಯನಿಕ ಕಾಗದಕ್ಕೂ ಹತ್ತಿದೆ, ಆದ್ದರಿಂದ ನೇರಳೆ ಟಾರ್ಚಿನಡಿ ಹೊಳೆಯುತ್ತದೆ, ಅಷ್ಟಕ್ಕೇ ನಕಲಿ ಎಂದು ತಿಳಿಯಬೇಡಿ ಎಂದು ಬರೆದಿದ್ದ.

ಆ ಚೀಟಿಯನ್ನು ನಾಲ್ಕು ಸಲ ಓದಿದೆ. ಹಿಂದೆ ಪಕ್ಕದ ಫ್ಲಾಟಿನಲ್ಲಿದ್ದ ಸ್ಟೋರ್‌ಕೀಪರು ನೆನಪಾದರು...

ಬೇಸ್‌ಬಾಲ್ ಆಟವನ್ನು ನಾನು ಒಂದು ಸಲವೂ ಪೂರ್ತಿ ನೋಡಿದವನಲ್ಲ. ತಂಡದಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಅಮೆರಿಕದಲ್ಲಿ ಹಿಂದೆ ಚೂಯಿಂಗ್ ಗಮ್ಮಿನ ಪೊಟ್ಟಣದಲ್ಲಿ ಆಟಗಾರರ ಚಿತ್ರದ ರಟ್ಟಿನ ಕಾರ್ಡು ಇಡುತ್ತಿದ್ದರು. ದೋಹಾದ ವೆಸ್ಟ್ ಬೇಯಲ್ಲಿರುವ ನಮ್ಮ ಆಫೀಸಿನಿಂದ ಊರಿಗೆ ಮರಳುತ್ತಿದ್ದ ಅಮೆರಿಕದ ಮ್ಯಾನೇಜರೊಬ್ಬ ಅಂಥದ್ದೊಂದನ್ನು ನನ್ನ ಕೈಗಿತ್ತು ಹೋದ. ರೋಗ ಅಂಟಿಕೊಂಡಿತು. ಮೊತ್ತಮೊದಲು ನಾನಾಗಿ ತರಿಸಿಕೊಂಡ ಕಾರ್ಡು ಚಹಾದ ನೀರಿನಲ್ಲಿ ಅದ್ದಿ ಮುದಿಯಾಗಿಸಿದ ನಕಲಿಯಾಗಿತ್ತು. ಹಾಗೆ ಟೋಪಿ ಹಾಕಿಸಿಕೊಂಡವನು ಮರುದಿನವೇ ನ್ಯಾಯಾಧೀಶನಾದೆ. ಒಂದು ಭೂತಗನ್ನಡಿ ಕೊಂಡೆ, ಒಂದು ನೇರಳೆ ಟಾರ್ಚು ಕೊಂಡೆ. ಹಳೆಯ ಕಾಗದ ಆ ಬೆಳಕಿನಲ್ಲಿ ಮಂಕಾಗಿರುತ್ತದೆ, ಹೊಸ ಕಾಗದ ನೀಲಿಯಾಗಿ ಹೊಳೆಯುತ್ತದೆ. ಶುಕ್ರವಾರ ಊಟದ ನಂತರ ಅಲ್ ಮುಂತಜಾದ ನನ್ನ ಫ್ಲಾಟಿನಲ್ಲಿ ಊರಿನವರು ನಾಲ್ಕೈದು ಜನ ಸೇರುತ್ತಿದ್ದರು. ಪರದೆ ಎಳೆದು ಟಾರ್ಚು ಹಚ್ಚಿ ನಾನು ತೀರ್ಪು ಕೊಡುತ್ತಿದ್ದೆ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಸ್ಟೋರ್‌ಕೀಪರು ಉಡುಪಿ ಕಡೆಯ ಕ್ಯಾಥೊಲಿಕರು. ಒಂದು ಕಟ್ಟಡ ಕಂಪನಿಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸುತ್ತ ತಲೆ ನರೆದವರು. ಒಮ್ಮೆ ನಮ್ಮ ಫ್ರಿಜ್ಜು ಕೆಟ್ಟಾಗ ಮೀನನ್ನೆಲ್ಲ ತಮ್ಮಲ್ಲಿಗೆ ಸಾಗಿಸಿ, ‘ಬಂಗುಡೆ ಹತ್ತು, ಅಂಜಲ್ ತುಂಡು ನಾಲ್ಕು, ಸ್ವೀಕರಿಸಿದೆ’ ಎಂದು ಸಹಿ ಹಾಕಿದ ಚೀಟಿಯನ್ನು ನನ್ನ ಹೆಂಡತಿಗೆ ಕೊಟ್ಟಿದ್ದರು. ಮೂರನೆಯ ದಿನ ಹತ್ತೂ ಬಂಗುಡೆ, ನಾಲ್ಕೂ ತುಂಡು ಸುರಕ್ಷಿತವಾಗಿ ವಾಪಸು ಬಂದವು.

ಎಂಟೊಂಬತ್ತು ವರ್ಷದ ಹಿಂದಿನ ಒಂದು ಶುಕ್ರವಾರ ಅವರು ಕೈಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು ಬಂದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಅಲ್ಲಿಗೇ ಬಂದು ಪುಸ್ತಕದ ನಡುವಿನಿಂದ ಬೆಣ್ಣೆ ಕಾಗದದಲ್ಲಿ ಸುತ್ತಿದ್ದ ಒಂದು ಕಾರ್ಡು ತೆಗೆದರು.

“ಅಪ್ಪ ಹಡಗಿನಲ್ಲಿ ಅಡುಗೆಗೆ ಇದ್ದದ್ದು ಮಾರಾಯ್ರೇ. ಅಮೆರಿಕದಿಂದ ತಂದುಕೊಟ್ಟದ್ದು ಇದು. ಮತ್ತಿನ ಸಲ ಹೋದವರು ಬರ್ಲೇ ಇಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ಹಡಗೂ ಇಲ್ಲ ಎಂತದೂ ಇಲ್ಲ, ಬಾಂಬೆಯಲ್ಲಿ ಬೇರೆ ಸಂಸಾರ ಉಂಟು ಅಂತ ಊರಲ್ಲಿ ಹೇಳ್ತಿದ್ರು. ನೀವೊಮ್ಮೆ ನೋಡಿ,” ಎಂದರು.

ಕಾರ್ಡಿನ ಮೂಲೆ ಊದಿತ್ತು. ಚಿಕ್ಕಂದಿನಲ್ಲಿ ಜೇಬಿನಿಂದ ತೆಗೆಯಲು ಮರೆತದ್ದು, ಅಮ್ಮ ಅಂಗಿಯನ್ನು ಸೋಪಿನ ಪುಡಿಯಲ್ಲಿ ನೆನೆಸಿಟ್ಟದ್ದು, ಕಲ್ಲಿಗೆ ಬಡಿಯುವ ಮೊದಲು ಪುಣ್ಯಕ್ಕೆ ಕೈಗೆ ಸಿಕ್ಕಿದ್ದು, ಎಲ್ಲವನ್ನೂ ಹೇಳಿದರು. ಹೌದು, ಎಲ್ಲವನ್ನೂ ಹೇಳಿದ್ದರು...

ಎಲ್ಲರೂ ಕೂತಿದ್ದ ಕೋಣೆಗೆ ಬಂದು ಪರದೆ ಎಳೆದೆ. ಟಾರ್ಚು ಹಚ್ಚಿದೆ. ಕಾರ್ಡು ಮದುವೆ ಮನೆಯ ಟ್ಯೂಬ್‌ಲೈಟಿನ ಹಾಗೆ ಝಗ್ಗನೆ ಹೊಳೆಯಿತು. ಭೂತಗನ್ನಡಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಅದರಲ್ಲಿ ಅಚ್ಚಿನ ಚುಕ್ಕಿಗಳನ್ನು ನೋಡಿದ್ದರೆ ನಿಜ ತಿಳಿಯುತ್ತಿತ್ತೇನೋ. ಆದರೆ ಗಾಜಿನಲ್ಲಿ ಒಬ್ಬನೇ ನೋಡಬೇಕು, ಟಾರ್ಚಾದರೆ ಸಭೆಗೆಲ್ಲ ಕಾಣುತ್ತದೆ. ಸಭೆ ನನ್ನ ಬಾಯಿಯನ್ನೇ ನೋಡುತ್ತಿತ್ತು.

“ಸ್ಟೋರ್‌ಕೀಪರ್ ಸಾರ್, ಹಡಗು ಬಾಂಬೆ ದಾಟಿದ ಹಾಗೆ ಕಾಣೋದಿಲ್ಲ,” ಎಂದೆ.

ಎಲ್ಲರೂ ನಕ್ಕರು. ಅಡುಗೆಮನೆಯ ಮಾತು ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ಆ ನಗುವಿನಲ್ಲಿ ಪಾಪವಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಸ್ಟೋರ್‌ಕೀಪರೂ ನಕ್ಕರು, ಸ್ವಲ್ಪ ತಡವಾಗಿ. “ಆಯ್ತು, ಖಲಾಸ್. ಗೊತ್ತಾಯ್ತಲ್ಲ,” ಎಂದು ಕಾರ್ಡನ್ನು ಎತ್ತಿಕೊಂಡರು. ಅದನ್ನು ಮತ್ತೆ ಪ್ರಾರ್ಥನೆಯ ಪುಸ್ತಕದಲ್ಲಿಡಲಿಲ್ಲ, ಅಂಗಿಯ ಜೇಬಿಗೆ ಹಾಕಿದರು. ಚಹಾ ಕುಡಿದೇ ಹೋದರು. ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದರೆ ನನಗೆ ಅಂದೇ ತಿಳಿಯುತ್ತಿತ್ತು.

ಶುಕ್ರವಾರಗಳಿಗೆ ಮತ್ತೆ ಅವರು ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಮೊದಲಿನಂತೆಯೇ ಮಾತು. ಮರುವರ್ಷ ನಿವೃತ್ತರಾಗಿ ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ಹೊಸ ಕಾರ್ಡುಗಳೇನಾದರೂ ಬಂದವೇ ಎಂದು ದಾರಿಯಲ್ಲಿ ಕೇಳಿದರು. ನಾನು ನಿಲ್ದಾಣ ಮುಟ್ಟುವವರೆಗೂ ವಿವರಿಸಿದೆ.

ಚೀಟಿ ಓದಿದ ಮರುದಿನ ಬೆಳಿಗ್ಗೆ ಅವರ ಹಳೆಯ ನಂಬರಿಗೆ ಫೋನು ಮಾಡಿದೆ. ಮಗಳು ಎತ್ತಿದಳು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ತಡವರಿಸುತ್ತ ಕಾರ್ಡಿನ ವಿಷಯ ಕೇಳಿದೆ. ಮನೆಗೆ ಬಣ್ಣ ಬಳಿಸುವಾಗ ರದ್ದಿಗೆ ಹೋಯಿತಂತೆ. ಅಪ್ಪನೇ ಹಾಕಿದ್ದಂತೆ.

“ಅದು ಡೂಪ್ಲಿಕೇಟ್ ಅಲ್ವಾ ಅಂಕಲ್. ದೋಹಾದಲ್ಲಿ ಒಬ್ರು ದೊಡ್ಡ ಎಕ್ಸ್‌ಪರ್ಟ್ ನೋಡಿ ಹೇಳಿದ್ದಂತೆ. ಊರಿನವರು ಹೇಳಿದ್ದೇ ಸರಿ, ನಾನೇ ಸುಮ್ನೆ ಅಪ್ಪನನ್ನು ನಂಬಿ ಕೂತದ್ದು ಅಂತ ಹೇಳ್ತಿದ್ರು.”

ಆ ಎಕ್ಸ್‌ಪರ್ಟು ನಾನೇ ಎಂದೆ. ಸೋಪಿನ ಪುಡಿಯ ಕಥೆಯನ್ನೆಲ್ಲ ಹೇಳಿದೆ. ಕೈಯಲ್ಲಿ ಕಾರ್ಡಿಲ್ಲದೆ, ಟಾರ್ಚಿಲ್ಲದೆ, ಗಾಜಿಲ್ಲದೆ, ನಿನ್ನ ಅಜ್ಜ ಅಮೆರಿಕಕ್ಕೆ ಹೋದದ್ದು ನಿಜ, ಆ ಕಾರ್ಡು ಅಸಲಿಯೇ, ಸಂಶಯವೇ ಬೇಡ ಎಂದೆ.



“ಆಗಲೂ ನೀವು ಹೀಗೇ ಹೇಳಿದ್ದಂತೆ ಅಂಕಲ್, ಸಂಶಯವೇ ಬೇಡ ಅನ್ನುವ ಹಾಗೆ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಒಲೆಯ ಮೇಲೆ ಏನೋ ಇಟ್ಟಿದ್ದಾಳೆಂದು ಹೇಳಿ ಫೋನು ಇಟ್ಟಳು.