ಹೊಳೆಗೆ ಬೆನ್ನು ಹಾಕಿದ ಕರಿಬಸಮ್ಮ

ಶಿವಮೊಗ್ಗದ ತುಂಗಾ ಸೇತುವೆಗೆ ಹತ್ತಿರದ ಆ ಬೀದಿಯಲ್ಲಿ ಹೊಳೆಯ ವಿಷಯಕ್ಕೆ ಕರಿಬಸಮ್ಮನ ಮಾತೇ ಕೊನೆ. ಎರಡು ಎಮ್ಮೆ ಕಟ್ಟಿಕೊಂಡು ಮೂವತ್ತೆಂಟು ವರ್ಷ ಮನೆಮನೆಗೆ ಹಾಲು ಹಾಕಿದ ಹೆಂಗಸು. ಹಾಲಿಗೆ ನೀರು ಬೆರೆಸುತ್ತಾಳೆಂದು ಬೆನ್ನ ಹಿಂದೆ ಆಡಿಕೊಳ್ಳುವವರೂ ಮಳೆಗಾಲ ಬಂತೆಂದರೆ ಅವಳ ಬಾಗಿಲಿಗೇ ಬಂದು, ಇವತ್ತು ನೆಮ್ಮದಿಯಾಗಿ ಮಲಗಬಹುದೇ ಎಂದು ಕೇಳಬೇಕಿತ್ತು. ಅವಳು ಸೇತುವೆಗೆ ಹೋಗಿ, ಹೊಳೆ ನಡುವಿನ ಕಲ್ಲುಮಂಟಪ ನೋಡಿಕೊಂಡು ಬಂದು ಉತ್ತರ ಹೇಳುವಳು. ಊರೆಲ್ಲ ನೆರೆ ಅಳೆಯುವುದೇ ಆ ಮಂಟಪದಿಂದ. ಅದು ಮುಳುಗಿದರೆ ಊರಿನವರು ಬಾಗಿನ ಬಿಡಲು ಹೋಗುತ್ತಾರೆ; ಈ ಬೀದಿಯವರು ಮಾತ್ರ ಗಂಟುಮೂಟೆ ಕಟ್ಟಿ, ಹೊಳೆಗೆ ಬೆನ್ನು ಹಾಕಿ, ಹಿಂದಿನ ಓಣಿ ಹತ್ತುತ್ತಾರೆ. ಕರಿಬಸಮ್ಮನ ಅಂದಾಜು ಒಮ್ಮೆಯೂ ತಪ್ಪಿರಲಿಲ್ಲ. ಆ ಜಂಬವೂ ಅವಳಿಗಿತ್ತು, ಸುಳ್ಳು ಯಾಕೆ ಹೇಳಬೇಕು.

ಕಳೆದ ಮೇ ತಿಂಗಳು. ಪಕ್ಕದ ಮನೆಯ ಚೌಡಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ವಾಕರ್ ಹಿಡಿದು ಹೆಜ್ಜೆ ಹಾಕುತ್ತಿದ್ದಳು. ಭದ್ರಾವತಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳ ಮಗಳು ಬಿಂದುಶ್ರೀ ಬೆಳಿಗ್ಗೆಯೇ ಕರಿಬಸಮ್ಮನಿಗೆ ಫೋನ್ ಮಾಡಿದಳು.

"ದೊಡ್ಡಮ್ಮ, ಗಾಳಿಮಳೆ ಜೋರಂತೆ, ಮೊಬೈಲಿಗೆ ಮೆಸೇಜ್ ಬಂದಿದೆ. ಅಮ್ಮನ್ನ ಇವತ್ತೇ ಇಲ್ಲಿಗೆ ಕರ್ಕೊಂಡ್ ಬರ್ತೀನಿ."

"ಮಂಟಪದ ಬುಡದ ಬಂಡೆನೇ ಒಣಗಿ ನಿಂತಿದೆ ಮಾರಾಯ್ತಿ. ಈ ಸೊಂಟ ಇಟ್ಕೊಂಡು ಬಸ್ಸಲ್ಲಿ ಕುಲುಕಾಡಿಸ್ತೀಯಾ ಅವಳನ್ನ? ನಾನಿದೀನಲ್ಲ. ಭಾನುವಾರ ಬಾ."

ಸಂಜೆ ನಾಲ್ಕಕ್ಕೇ ಕತ್ತಲು ಕವಿಯಿತು. ಮೊದಲು ಗಾಳಿ. ಎದುರು ಮನೆಯ ತಗಡು ಕಿತ್ತು ಹಾರಿ ಕರೆಂಟಿನ ತಂತಿಗೆ ಬಡಿದು ಕಿಡಿ ಸುರಿಯಿತು. ತೆಂಗಿನಮರ ನಡು ಮುರಿದು ಕೊಟ್ಟಿಗೆಯ ಮೇಲೆ ಬಿತ್ತು. ಆಲಿಕಲ್ಲು ಹೆಂಚುಗಳನ್ನು ಪುಡಿ ಮಾಡಿತು. ಒಂದು ಗಂಟೆ ಹೊಯ್ದ ಮೇಲೆ ಬೀದಿಯಲ್ಲಿ ಯಾರೋ ನೀರು ಬಂತು ಎಂದು ಕೂಗಿದರು.

ಕರಿಬಸಮ್ಮ ಕುಡುಗೋಲಿನಿಂದ ಎಮ್ಮೆಗಳ ಹಗ್ಗ ಕೊಯ್ದಳು. ಅವು ಹೊಳೆಯ ಕಡೆಗೆ ಓಡಿದವು. ಬುದ್ಧಿಯಿಲ್ಲದ ಪ್ರಾಣಿಗಳು ಎಂದು ಬೈದು, ಚೌಡಮ್ಮನ ಮನೆಗೆ ನುಗ್ಗಿದಳು.

"ಎಮ್ಮೆ ಹೋದ ಕಡೆನೇ ಹೋಗಣ ಕಣೆ," ಎಂದಳು ಚೌಡಮ್ಮ. "ಹೊಳೇಲಿ ನೀರೇ ಇಲ್ವಲ್ಲ. ದಡದ ಕಲ್ಲುಕಟ್ಟೆ ಮೇಲೆ ಕೂತ್ಕೊಳಣ."

"ನೀರು ಬಂದಾಗ ಹೊಳೆ ಕಡೆ ಹೋಗ್ತಾರೇನೆ? ಬಾಯ್ಮುಚ್ಕೊಂಡು ಬಾ."

ಚೌಡಮ್ಮ ಕೈ ಕೊಸರಿಕೊಂಡಳು. ಕರಿಬಸಮ್ಮ ಮತ್ತೆ ಹಿಡಿದು, ಹೆಚ್ಚುಕಡಿಮೆ ಹೊತ್ತುಕೊಂಡೇ ಓಣಿಗೆ ಎಳೆದಳು.

ಆ ನೀರು ಹೊಳೆಯದಾಗಿರಲಿಲ್ಲ. ಊರಿನ ಮೇಲೆ ಬಿದ್ದ ಮಳೆಯೆಲ್ಲ ಓಣಿಯ ತಲೆಯಲ್ಲಿದ್ದ ರಾಜಕಾಲುವೆಗೆ ನುಗ್ಗಿತ್ತು. ಇಬ್ಬರೂ ಓಣಿಯ ನಡುವೆ ಇರುವಾಗ ಕಾಲುವೆಯ ಗೋಡೆ ಒಡೆಯಿತು. ಎದೆಯೆತ್ತರದ ಕೆಸರುನೀರು, ಅದರೊಳಗೆ ಸಿಲಿಂಡರು, ಬೈಕು, ಬಾಗಿಲು. ವಾಕರ್ ಕಿತ್ತುಕೊಂಡು ಹೋಯಿತು. ಉರುಳಿಬಂದ ಬೈಕು ಚೌಡಮ್ಮನ ಸೊಂಟಕ್ಕೇ ಗುದ್ದಿತು. ಕರಿಬಸಮ್ಮ ಎಡಗೈಯಲ್ಲಿ ಒಂದು ಕಿಟಕಿಯ ಸರಳು, ಬಲಗೈಯಲ್ಲಿ ಗೆಳತಿಯ ಮಣಿಕಟ್ಟು ಹಿಡಿದು ನೇತಾಡಿದಳು. ಗಾಜಿನ ಬಳೆಗಳು ಒಡೆದು ಅಂಗೈಗೆ ಚುಚ್ಚಿದವು. ರಕ್ತಕ್ಕೆ ಹಿಡಿತ ಜಾರತೊಡಗಿತು. ಚೌಡಮ್ಮ ಇವಳ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮರದ ಮಂಚವೊಂದು ಬಂದು ಕರಿಬಸಮ್ಮನ ಭುಜಕ್ಕೆ ಅಪ್ಪಳಿಸಿ ಬೆರಳು ಬಿಚ್ಚಿಸಿತು.

ಆರಕ್ಕೆಲ್ಲ ನೀರು ಇಳಿದಿತ್ತು. ಹೊಳೆ ದಡದ ಕಲ್ಲುಕಟ್ಟೆಯ ಮೇಲೆ ನಾಲ್ಕಾರು ಮನೆಯವರು ಕುಳಿತಿದ್ದರು, ಪಕ್ಕದಲ್ಲಿ ಎರಡೂ ಎಮ್ಮೆಗಳು. ಯಾರಿಗೂ ಏನೂ ಆಗಿರಲಿಲ್ಲ. ಚೌಡಮ್ಮನ ಹೆಣ ಮರುದಿನ ಕಾಲುವೆಯ ಮೋರಿಯಲ್ಲಿ ಸಿಕ್ಕಿತು.

ಮಣ್ಣು ಮಾಡಿದ ಮೂರನೆಯ ದಿನ ಬಿಂದುಶ್ರೀ ಕರಿಬಸಮ್ಮನ ಮನೆಗೆ ಬಂದಳು. ಪ್ರಾಣದ ಹಂಗು ತೊರೆದು ಗೆಳತಿಯನ್ನು ಹಿಡಿದುಕೊಂಡಿದ್ದಳೆಂದು ಬೀದಿಯೆಲ್ಲ ಕರಿಬಸಮ್ಮನನ್ನು ಹೊಗಳುತ್ತಿತ್ತು. ಬಿಂದುಶ್ರೀ ಅವಳ ಬ್ಯಾಂಡೇಜಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು.

"ಕೊನೇವರೆಗೂ ಅಮ್ಮನ್ನ ಹಿಡ್ಕೊಂಡಿದ್ಯಂತೆ ದೊಡ್ಡಮ್ಮ. ನಿನ್ನ ಋಣ ಹೆಂಗೆ ತೀರಿಸ್ಲಿ ನಾನು?"

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರಬೇಕೆಂದು ಕರಿಬಸಮ್ಮನಿಗೆ ಬಹಳ ಆಸೆಯಾಯಿತು. ಆದರೂ ಬಾಯಿಬಿಟ್ಟಳು.

"ನಿಮ್ಮಮ್ಮ ಹೊಳೆ ಕಡೆ ಹೋಗಣ ಅಂದ್ಲು. ನಾನೇ ಬೈದು ಓಣಿಗೆ ಎಳ್ಕೊಂಡ್ ಹೋದೆ. ಅವಳ ಮಾತು ಕೇಳಿದ್ರೆ ಇವತ್ತು ಬದುಕಿರ್ತಿದ್ಲು."

ಬಿಂದುಶ್ರೀಯ ಅಳು ನಿಂತಿತು.

"ಬರಲ್ಲ ಅಂದ್ಲಾ ಅಮ್ಮ?"

"ಅಂದ್ಲು. ಕೈನೂ ಕೊಸರ್ಕೊಂಡ್ಲು. ನಾನು ಬಿಡ್ಲಿಲ್ಲ."

ಬಿಂದುಶ್ರೀ ತನ್ನ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು.