ನಂಬರ್ ಒನ್ ಹಾಡಿನ ನಡುವಿನ ತುಂಡು

ನನ್ನ ವಯಸ್ಸಿನವರಿಗೆ ಈಗ ಬೆಳಗಾದರೆ ಒಂದು ರೋಗ. ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರ, ಅದರ ಕೆಳಗೆ ಎಪ್ಪತ್ತರ ದಶಕದ ಒಂದು ಸಿನಿಮಾ ಹಾಡು, ಅದರ ಕೆಳಗೆ ‘ಆ ಕಾಲವೇ ಬೇರೆ ಬಿಡಿ’ ಎಂಬ ನಿಟ್ಟುಸಿರು. ನಿವೃತ್ತ ಶಿಕ್ಷಕರ ನಮ್ಮ ಗುಂಪಿನಲ್ಲಿ ಮೊನ್ನೆಯೂ ಒಬ್ಬರು ಹೀಗೊಂದು ಹಾಡು ಕಳಿಸಿದ್ದರು. ಆ ಕಾಲದಲ್ಲಿ ವಾರಗಟ್ಟಲೆ ನಂಬರ್ ಒನ್ ಆಗಿ ಮೆರೆದ ಹಾಡು. ಕೇಳಿದೆ. ಎರಡು ಚರಣಗಳ ನಡುವೆ ಪಿಟೀಲುಗಳು ಹರಿಯತೊಡಗಿದವು. ಅಯ್ಯೋ ಇವರ ಮನೆ ಹಾಳಾಗ, ಹಾಡನ್ನೇ ಕೆಡಿಸಿದ್ದಾರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಮುಂಬೈಯವರು ಬಾರಿಸಿದ್ದೇ ಅಸಲಿ, ನನ್ನ ಕಿವಿಯೊಳಗಿರುವುದು ರಾಯಚೂರಿನದು ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಿಮ್ಮ ಮೆಚ್ಚಿನ ಹಾಡು ಯಾವುದು ಎಂದು ಈಗಿನ ಹುಡುಗರು ಕೇಳುತ್ತಾರೆ. ಮೆಚ್ಚಲಿಕ್ಕೆ ಮೊದಲು ರೇಡಿಯೋ ನಮ್ಮದಾಗಿರಬೇಕಲ್ಲ! ನಮ್ಮ ಓಣಿಯಲ್ಲಿ ರೇಡಿಯೋ ಇದ್ದದ್ದು ಪಕ್ಕದ ಮನೆಯ ಮುಸಲ್ಮಾನ ಚಿಕ್ಕಮ್ಮ, ನಾವೆಲ್ಲ ಖಾಲಾ ಎನ್ನುತ್ತಿದ್ದವಳ ಹತ್ತಿರ. ಅವಳ ಗಂಡನದು ಬಜಾರಿನಲ್ಲಿ ಬಳೆ ಅಂಗಡಿ. ಅವನಿಗೆ ಕವ್ವಾಲಿ ಬೇಕು, ಅವಳಿಗೆ ಅಳುವ ಹಾಡು ಬೇಕು. ನಾಯಕಿ ವಿಷ ಕುಡಿಯುವ ಮುಂಚೆ ಹಾಡುವಂಥದು ಬಂದರೆ ಖಾಲಾ ಈರುಳ್ಳಿ ಹೆಚ್ಚುವುದನ್ನು ಮುಂದಕ್ಕೆ ಹಾಕುತ್ತಿದ್ದಳು, ಒಂದೇ ಕಣ್ಣೀರು ಎರಡು ಕೆಲಸಕ್ಕೆ ಯಾಕೆ ಎಂದು. ನನಗೋ ಢಂ ಢಂ ಎಂದು ಓಡುವ ಹಾಡು ಬೇಕು. ನಾನು ಮೆಚ್ಚಿದ ಹಾಡು ರೇಡಿಯೋದವರ ವಾರದ ಪಟ್ಟಿಯಲ್ಲಿ ಹನ್ನೊಂದನೇ ನಂಬರಿಗೆ ಮುಖ ತೋರಿಸಿ ಮುಂದಿನ ವಾರವೇ ಮಾಯವಾಗುತ್ತಿತ್ತು. “ತೇರೀ ನಜರ್ ಲಗೀ ಬೇಟಿ, ಗಾನಾ ಮರ್ ಗಯಾ” ಎಂದು ಖಾಲಾ ನಗುತ್ತಿದ್ದಳು. ನನ್ನ ಕಣ್ಣು ಬಿದ್ದರೆ ಹಾಡು ಸತ್ತಂತೆಯೇ.

ಆದರೆ ನಾನು ಅಲ್ಲಿಗೆ ಹೋಗುತ್ತಿದ್ದುದು ಮೋಜಿಗಲ್ಲ. ಅದು ನಮ್ಮ ಮನೆಯ ಕಸುಬು. ನಮ್ಮಪ್ಪ ಹಗಲೆಲ್ಲ ಹತ್ತಿ ಬಿಡಿಸುವ ಕಾರ್ಖಾನೆಯಲ್ಲಿ, ಜಿನ್ನಿನಲ್ಲಿ, ಹಮಾಲಿ. ಅಲ್ಲಿ ಅವನ ಹೆಸರು ‘ಲೇ’. ಲೇ ಇಲ್ಲಿ ಬಾ, ಲೇ ಅದನ್ನೆತ್ತು. ಮದುವೆಯ ಸುಗ್ಗಿ ಬಂತೆಂದರೆ ಅದೇ ಅಪ್ಪ ಕೆಂಪು ಕೋಟು ತೊಟ್ಟು, ಬ್ಯಾಂಡಿನ ಮುಂದಿನ ಸಾಲಿನಲ್ಲಿ ಕ್ಲಾರಿನೆಟ್ ಹಿಡಿದು ನಿಲ್ಲುತ್ತಿದ್ದ. ಆಗ ಜಿನ್ನಿನ ಸಾಹುಕಾರನೂ “ಬಾರಸ್ರಿ, ಇನ್ನೊಮ್ಮಿ ಬಾರಸ್ರಿ” ಎಂದು ಕೈಮುಗಿದಂತೆ ಕೇಳುತ್ತಿದ್ದ. ಭುಜದ ಮೇಲೆ ಜರಿ ಇರುತ್ತಿದ್ದುದು ಮುಂದಿನ ಸಾಲಿನವನಿಗೆ ಮಾತ್ರ. ಹಿಂದಿನವರಿಗೆ ಬರೀ ಕೆಂಪು ಬಟ್ಟೆ, ಅದೂ ಇನ್ಯಾರದೋ ಅಳತೆಯದು. ಅವರನ್ನು ಜನ ರೀ ಎಂದೂ ಕರೆಯುತ್ತಿರಲಿಲ್ಲ, ಲೇ ಎಂದೂ ಕರೆಯುತ್ತಿರಲಿಲ್ಲ, ನೋಡುತ್ತಲೇ ಇರಲಿಲ್ಲ. ಅಪ್ಪನಿಗೆ ಆ ಮುಂದಿನ ಸಾಲೊಂದೇ ಮರ್ಯಾದೆ. ಅದು ಉಳಿಯಬೇಕಾದರೆ ರೇಡಿಯೋದ ಹೊಸ ನಂಬರ್ ಒನ್ ಹಾಡು ಎಲ್ಲರಿಗಿಂತ ಮೊದಲು ಅವನ ಬೆರಳಿಗೆ ಬರಬೇಕು.

ಆ ಹಾಡುಗಳ ಕಾರ್ಯಕ್ರಮ ಬರುವುದು ವಾರಕ್ಕೊಮ್ಮೆ, ದೀಪ ಹಚ್ಚುವ ಹೊತ್ತು ದಾಟಿದ ಮೇಲೆ. ಖಾಲಾ ಗೋಷಾ ಹೆಂಗಸು. ಅಪ್ಪ ಅವಳ ಪಡಸಾಲೆಗೆ ಕಾಲಿಡುವಂತಿಲ್ಲ. ಆಗಿನ್ನೂ ಪಿಯುಸಿ ಫೇಲಾಗಿ ಮನೆಯಲ್ಲಿ ಬಿದ್ದುಕೊಂಡಿದ್ದ ನಾನು ಹೋಗಬಹುದಿತ್ತು. ಹೋಗಿ, ಕೇಳಿ, ಬಾಯಲ್ಲೇ ಹಾಡು ಹೊತ್ತು ತರುತ್ತಿದ್ದೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಹಾಡು ಚೆಲ್ಲಿಹೋದೀತೆಂದು ತುಟಿ ಬಿಗಿದು ನಡೆಯುತ್ತಿದ್ದುದರಿಂದ ಓಣಿಯಲ್ಲಿ ನನಗೆ ಸೊಕ್ಕಿನವಳೆಂಬ ಹೆಸರು ಬಂತು. ಮರುದಿನ ಬೆಳಿಗ್ಗೆ ಜಿನ್ನಿಗೆ ಹೋಗುವ ಮುಂಚೆ ಅಪ್ಪ ಕಟ್ಟೆಯ ಮೇಲೆ ಕೂರುತ್ತಿದ್ದ. ನಾನು ತಾನನಾ ಎಂದರೆ ಅವನು ಊದುತ್ತಿದ್ದ, ತಪ್ಪಿದರೆ ನಾನು ಬೈಯುತ್ತಿದ್ದೆ. ಬ್ಯಾಂಡಿನವರ ಮುಂದೆ ಮಾತ್ರ “ರೇಡಿಯೋದಾಗ ಕೇಳಿ ಹಿಡದೀನಿ” ಎಂದು ಮೀಸೆ ತಿರುವುತ್ತಿದ್ದ. ಮಗಳ ಹತ್ತಿರ ಕಲಿತೆ ಅಂದರೆ ಅವರು ಹಲ್ಲು ಕಿಸಿಯುತ್ತಿದ್ದರು, ಗೊತ್ತು. ಗೊತ್ತಿದ್ದರೂ ಮಗಳು ಕಲಿಸಿದ್ದು ಎಂದು ಒಮ್ಮೆಯಾದರೂ ಹೇಳಲಿ ಎಂದು ಕಾಯುತ್ತಿದ್ದೆ.

ಈ ಪಿಟೀಲಿನ ಹಾಡು ಮೊದಲ ಸಲ ನಂಬರ್ ಒನ್ ಆದ ವಾರ ರೇಡಿಯೋ ಕೈಕೊಟ್ಟಿತು. ಅದು ಕಡಲಾಚೆಯ ಸ್ಟೇಷನ್ನು. ಅಲ್ಲಿಂದ ಹೊರಟ ಹಾಡು ನಮ್ಮ ರಾಯಚೂರಿನ ಸೆಕೆಗೆ ಬಂದು ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಪಲ್ಲವಿ ಬಂತು, ಮೊದಲ ಚರಣ ಬಂತು. ಆಮೇಲೆ ಬರೀ ಒಗ್ಗರಣೆ ಸಿಡಿದ ಸದ್ದು. ಖಾಲಾ ಪೆಟ್ಟಿಗೆಯ ತಲೆಗೆ ಎರಡು ಬಿಟ್ಟಳು. ನಾನು ಏರಿಯಲ್ ತಂತಿ ಹಿಡಿದು ಬಾಗಿಲಿಗೆ ಓಡಿದೆ. ಹಾಡು ಮರಳಿ ಬಂದಾಗ ಎರಡನೇ ಚರಣ ಅರ್ಧ ಮುಗಿದಿತ್ತು.

ದೇವದುರ್ಗದ ಮದುವೆಗೆ ಇನ್ನೆರಡೇ ದಿನ. ಮುಂದಿನ ವಾರದವರೆಗೆ ಕಾಯುವಂತಿರಲಿಲ್ಲ.

“ನಡುವ ಏನದ?” ಎಂದು ಅಪ್ಪ ಕೇಳಿದ.

“ಕೇಳಿಸಲಿಲ್ಲ ಯಪ್ಪಾ. ತಡಿ, ಅಲ್ಲಿಗೆ ಏನರ ಹಾಕೋಣು.”

ಹೀಗೆ ಹೇಳಿ ಬಾಯಿಗೆ ಬಂದದ್ದನ್ನು ಗುನುಗಿದೆ. ಎಲ್ಲಿಂದ ಬಂತೋ ಯೋಚಿಸಲೂ ಇಲ್ಲ. ಅಪ್ಪ ಒಮ್ಮೆ ಊದಿದ, ಇನ್ನೊಮ್ಮೆ ಊದಿದ. “ಛಲೋ ಅದಲೇ ಇದು” ಎಂದ. ಅವನ ಬಾಯಿಂದ ಛಲೋ ಎಂಬ ಮಾತು ಹೊರಡುವುದು ಅಪರೂಪ. ನಾನು ಆ ದಿನ ರೊಟ್ಟಿ ತಿನ್ನದೆಯೇ ತುಂಬಿಹೋದೆ.

ದೇವದುರ್ಗದಲ್ಲಿ ಮೆರವಣಿಗೆ ಶುರುವಾದಾಗ ಜನ ಎಂದಿನಂತೆ ಮೈ ಕುಣಿಸುತ್ತಿದ್ದರಂತೆ. ನಡುವಿನ ತುಂಡು ಬಂದದ್ದೇ ತಡ, ಹೇಳಿಕೊಟ್ಟವರಂತೆ ಎಲ್ಲರ ಕಾಲುಗಳೂ ಒಂದೇ ತಾಳಕ್ಕೆ ಬಿದ್ದವು. ಮುದುಕರೂ ಇಳಿದರು. ಹೆಂಗಸರು ಮಾಳಿಗೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ಒಂದು ಹರದಾರಿ ಕೂಡ ಇಲ್ಲದ ದಾರಿಗೆ ಊಟ ಆರಿಹೋಗುವಷ್ಟು ಹೊತ್ತಾಯಿತು. ಮುಂದೆ ಯಾವ ಮದುವೆಗೆ ಹೋದರೂ ಅದೇ ಬೇಕು. ಮುಂದಿನ ವಾರ ಖಾಲಾಳ ರೇಡಿಯೋದಲ್ಲಿ ಅಸಲಿ ಪಿಟೀಲು ಸ್ವಚ್ಛವಾಗಿ ಕೇಳಿಸಿತು. ತಂದು ಅಪ್ಪನಿಗೆ ಹೇಳಿದೆ. ಅವನು ಊದಿ ನೋಡಿ ಮುಖ ಹುಳ್ಳಗೆ ಮಾಡಿದ. “ಇದು ಕೂಸು ಮಲಗಿಸೋದಾತು. ನಿಂದ ಇರಲಿ ಬಿಡು, ಮಂದಿ ಕುಣೀತಾರ.”

ಸಿನಿಮಾ ರಾಯಚೂರಿಗೆ ಬಂದಾಗ ದೇವದುರ್ಗದ ಜನ ಬಸ್ಸು ತುಂಬಿಕೊಂಡು ಬಂದರು. ನಾನೂ ಅವ್ವನ ಜೊತೆ ಹೋಗಿದ್ದೆ. ಹಾಡು ಶುರುವಾದ ಕೂಡಲೇ ಸೀಟಿಯೋ ಸೀಟಿ. ನಡುವೆ ಪಿಟೀಲು ಬಂತು. ಇಡೀ ಥಿಯೇಟರು ತೆಪ್ಪಗಾಯಿತು. ಆಮೇಲೆ ಯಾರೋ ಎದ್ದು ಕೂಗಿದ: “ಲೇ, ರೀಲ್ ಕಟ್ ಮಾಡ್ಯಾರಲೇ!” ಕುರ್ಚಿ ಬಡಿದರು. ನಡುವಿನ ತುಂಡು ತೋರಿಸದೆ ಬಿಡುವುದಿಲ್ಲವೆಂದು ಮ್ಯಾನೇಜರನ್ನು ಮುತ್ತಿದರು. ಪಾಪ, ಅವನು ಡಬ್ಬಿ ತೆರೆದು ತೋರಿಸಿ ಆಣೆ ಮಾಡಿದ. ಯಾರೂ ನಂಬಲಿಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ, ಹೆಮ್ಮೆಯಿಂದ ಬೀಗಿದೆ. ಇಷ್ಟು ಜನಕ್ಕೆ ಬೇಕಾದದ್ದು ನನ್ನ ತುಂಡು ಎಂದು ಎದ್ದು ನಿಂತು ಹೇಳಬೇಕೆನಿಸಿತು. ಅವ್ವ ರಟ್ಟೆ ಚಿವುಟಿ ಕೂರಿಸಿದಳು.

ಅಷ್ಟರಲ್ಲಿ ಮಾನ್ವಿಯ ಒಬ್ಬ ದೊಡ್ಡ ವ್ಯಾಪಾರಿಯ ಮಗಳ ಮದುವೆ ಬಂತು. ಗಂಡಿನವರು ಹೈದರಾಬಾದಿನವರು. ಬ್ಯಾಂಡಿನ ಮಾಲಕ ಮನೆಗೇ ಬಂದು ಅಪ್ಪನಿಗೆ ಹೇಳಿದ: “ನೋಡು, ಸಿಟಿ ಮಂದಿ ಬರಾಕತ್ತಾರ. ಹಾಡು ಸಿನಿಮಾದಾಗ ಇದ್ದಂಗ ಇರಬೇಕು. ನಿನ್ನ ದೇವದುರ್ಗದ ಧಿಮಾಕು ಅಲ್ಲಿ ನಡಿಯಂಗಿಲ್ಲ. ಹೆಚ್ಚುಕಡಿಮಿ ಆತಂದ್ರ ಮುಂದಿನ ಸಾಲಿಗೆ ಬ್ಯಾರೆಯಾಂವನ್ನ ಹಾಕ್ತೀನಿ. ಟೇಪ್ ರೆಕಾರ್ಡರ್ ಇದ್ದಾಂವ ಒಬ್ಬ ಸಿಕ್ಕಾನ.”

ಅಪ್ಪ ಆ ವಾರವೆಲ್ಲ ಪಿಟೀಲಿನ ತುಂಡನ್ನೇ ತಿದ್ದಿದ. ನಾನೇ ಕಲಿಸಿದೆ. ನನ್ನದನ್ನು ಅಳಿಸಿ ಅವರದನ್ನು ಕೂರಿಸಿದೆ, ನನ್ನ ತುಂಡಿಗಿಂತ ಅಪ್ಪನ ಭುಜದ ಜರಿ ದೊಡ್ಡದು.

ಮಾನ್ವಿಯ ಆ ಮದುವೆಗೆ ರೊಟ್ಟಿ ಬಡಿಯಲು ಅವ್ವನನ್ನೂ ನನ್ನನ್ನೂ ಕರೆದಿದ್ದರು. ಸಂಜೆ ಮೆರವಣಿಗೆ ಓಣಿಗೆ ಬಂದಾಗ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ಅಪ್ಪ ಹಾಡು ಎತ್ತಿಕೊಂಡ. ಪಿಟೀಲಿನ ತುಂಡು ಒಂದು ಸ್ವರವೂ ಜಾರದಂತೆ ಬಂತು. ಹೈದರಾಬಾದಿನವರು ತಲೆದೂಗಿದರು. ಆದರೆ ಹೆಣ್ಣಿನ ಕಡೆಯ ಬಳಗದಲ್ಲಿ ದೇವದುರ್ಗದವರಿದ್ದರು, ಅರಕೇರಾದವರಿದ್ದರು. “ಇದಲ್ಲರೀ! ನಡುವಿಂದು ಎಲ್ಲದ?” ಎಂದು ಗಲಾಟೆ ಎದ್ದಿತು. ಅಪ್ಪ ಮಾಲಕನ ಕಡೆ ನೋಡಿದ. ಮಾಲಕ ಬೇಡವೆಂದು ತಲೆಯಾಡಿಸಿದ. ಮತ್ತೆ ಕೂಗಿದರು. ಕೊನೆಗೆ ಅರಕೇರಾದ ಮುದುಕನೊಬ್ಬ ಮುಂದೆ ಬಂದು ಕೈಮುಗಿದ. “ಯಪ್ಪಾ, ನಮ್ಮ ಹಾಡು ಬಾರಸ್ರಿ. ಒಮ್ಮಿ ಬಾರಸ್ರಿ.”

ಬೇಡ ಯಪ್ಪಾ, ಬೇಡ ಎಂದು ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಕಣ್ಣು ಮುಚ್ಚಿ ನನ್ನ ತುಂಡು ಊದಿದ. ಓಣಿ ಎದ್ದು ಕುಣಿಯಿತು. ಕುದುರೆಯ ಮೇಲೆ ಕೂತ ಮದುಮಗನೂ ಭುಜ ಅಲ್ಲಾಡಿಸಿದ.

ಆಗ ಗಂಡಿನ ಸೋದರಮಾವ ಕೈ ಎತ್ತಿ ಬ್ಯಾಂಡು ನಿಲ್ಲಿಸಿದ. “ಏಂಟಿದಿ? ಪೆಳ್ಳಿಲೋ ಪೀರ್ಲ ಪಾಟಾ?” ಎಂದು ತೆಲುಗಿನಲ್ಲಿ ಗುಡುಗಿದ. ಮದುವೆಯಲ್ಲಿ ಮೊಹರಮ್ಮಿನ ಹಾಡೇ ಎಂದು. ನನಗೆ ಆಗ ಹೊಳೆಯಿತು. ಹೌದಲ್ಲ! ಅದು ನಮ್ಮ ಓಣಿಯಲ್ಲಿ ಮೊಹರಮ್ಮಿನ ಬೆಂಕಿಯ ಸುತ್ತ, ಖಾಲಾಳ ಮಕ್ಕಳೂ ನಾವೂ ಕೂಡಿ ಹಾಕುತ್ತಿದ್ದ ಅಲಾಯಿ ಕುಣಿತದ ಹೆಜ್ಜೆ. ದೇವದುರ್ಗದವರ ಕಾಲಿಗೆ ಅದು ಹುಟ್ಟಿನಿಂದ ಗೊತ್ತಿತ್ತು. ನಮಗೆ ಅದು ಹಬ್ಬ. ಆ ಸಿಟಿಯವನಿಗೆ ಅದು ಸಾವಿನ ಶೋಕ, ಮದುವೆಗೆ ಅಪಶಕುನ.

ಮಾಲಕ ಎಲ್ಲರೆದುರು ಅಪ್ಪನ ಮೇಲೆ ಹರಿಹಾಯ್ದ. “ಯಾರು ಸೇರಿಸಿದ್ದು ಇದನ್ನ? ಹೇಳಲೇ!”

ರೇಡಿಯೋದಲ್ಲೇ ಹೀಗಿತ್ತು ಎನ್ನಬಹುದಿತ್ತು. ಜನ ಕೇಳಿದರು, ಬಾರಿಸಿದೆ ಎನ್ನಬಹುದಿತ್ತು. ಅಪ್ಪ ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು, ತೋಳಿನಿಂದ ಒರೆಸಿ, ನೆಟ್ಟಗೆ ನಿಂತು ಹೇಳಿದ: “ನನ್ನ ಮಗಳು ಕಟ್ಟಿದ್ದರೀ. ಈ ಹಾಡಷ್ಟ ಅಲ್ಲ, ನಾ ಬಾರಸೋ ಹಾಡೆಲ್ಲಾ ಅಕಿನ ಕಲಿಸಿದ್ದು.”

ಬ್ಯಾಂಡಿನವರು ನಕ್ಕರು. ಹೈದರಾಬಾದಿನವರು ನಕ್ಕರು. ವರ್ಷಗಟ್ಟಲೆ ಕೇಳಬೇಕೆಂದು ಹಪಹಪಿಸಿದ ಮಾತು ಕೇಳಬಾರದ ಹೊತ್ತಿಗೆ ಬಂದಿತ್ತು. ಹಾಳು ಮನುಷ್ಯ, ಇವತ್ತೇ ನಿಜ ಹೇಳಬೇಕಿತ್ತೇ! ಸಿಟ್ಟು, ಅಳು, ಸಂತೋಷ ಎಲ್ಲ ಒಟ್ಟಿಗೆ ಬಂದು ನಾನು ಹಿಟ್ಟಿನ ಕೈಯನ್ನೇ ಮುಖಕ್ಕೆ ಒತ್ತಿಕೊಂಡು ನಿಂತೆ.

ಮುಂದಿನ ಮದುವೆಗೆ ಅಪ್ಪನಿಗೆ ಸಿಕ್ಕಿದ್ದು ಮೂರನೇ ಸಾಲು. ಜರಿಯಿಲ್ಲದ ಕೋಟು, ತೋಳು ಮೊಣಕೈಗೇ ಮುಗಿಯುತ್ತಿತ್ತು. ಮುಂದಿನ ಸಾಲಿಗೆ ಟೇಪ್ ರೆಕಾರ್ಡರಿನ ಹೊಸಬ ಬಂದ. ಕ್ಯಾಸೆಟ್ಟು ಹಾಕಿ, ನಿಲ್ಲಿಸಿ, ತಿರುಗಿಸಿ ಕಲಿಯುತ್ತಿದ್ದ. ನನ್ನ ಕಿವಿಯ ಕೆಲಸವೂ ಮುಗಿಯಿತು. ಖಾಲಾಳ ಮನೆಗೆ ಹೋಗುವುದನ್ನೇ ಬಿಟ್ಟೆ. ಅಪ್ಪ ಬೆಳಿಗ್ಗೆ ಕಟ್ಟೆಯ ಮೇಲೆ ಸುಮ್ಮನೆ ಕೂತು ಜಿನ್ನಿಗೆ ಹೋಗುತ್ತಿದ್ದ. 

ಮಸರಕಲ್ಲಿನ ಮದುವೆಯಲ್ಲಿ ಹೊಸಬನ ಗ್ರಹಚಾರ ಕೆಟ್ಟಿತು. ಅಪ್ಪಟ ಪಿಟೀಲು ಬಾರಿಸಿದ. ನಡುವಿನದು ಬಾರಿಸದಿದ್ದರೆ ಬ್ಯಾಂಡಿಗೆ ಊಟವಿಲ್ಲ ಎಂದು ಜನ ಅಡ್ಡ ಕೂತರು. ಹಿಂದಿನ ಸಾಲಿನಲ್ಲಿದ್ದ ಅಪ್ಪ ಕ್ಲಾರಿನೆಟ್ ಬಾಯಿಗೆ ಎತ್ತಲೇ ಇಲ್ಲವಂತೆ. ಮರುದಿನ ಹೊಸಬ ನಮ್ಮ ಬಾಗಿಲಿಗೆ ಬಂದ. “ಯವ್ವಾ, ಅದೊಂದು ತುಂಡು ಹೇಳಿಕೊಡು. ಟೇಪಿನ್ಯಾಗ ಎಲ್ಲೂ ಸಿಗವಲ್ದು.”

ನನಗೆ ಮೈಯೆಲ್ಲ ಉರಿಯಿತು. “ಕಲಿಸಾಂಗಿಲ್ಲ. ನಮ್ಮಪ್ಪನ ಜಾಗಾ ತಗೊಂಡಿ, ಹಾಡೂ ಬೇಕೇನು? ಟೇಪ್ ಅದ ಅಲ್ಲಾ, ಅದನ್ನ ಕೇಳ್ಕೋ ಹೋಗು!”

ಅವನು ತಿರುಗಿದ. ಒಳಗೆ ಮುಖ ತೊಳೆಯುತ್ತಿದ್ದ ಅಪ್ಪ ಹೊರಗೆ ಬಂದು ಅವನನ್ನು ನಿಲ್ಲಿಸಿದ.

“ಕಲಿಸು,” ಎಂದ ನನಗೆ.

“ಯಾಕ ಕಲಿಸ್ಲಿ ಯಪ್ಪಾ? ಅಂವಗ ಯಾಕ ಕಲಿಸ್ಲಿ?”

“ನಾ ಅಂವನ ಹಿಂದ ನಿಂತು ನಡಿಯಾಂವ. ನೀ ಕಟ್ಟಿದ್ದನ್ನ ಅಂವ ತಪ್ಪು ಬಾರಸಿದ್ರ ನನಗ ಕೇಳಾಕ ಆಗಂಗಿಲ್ಲ.”

ಹೊಸಬ ಕಟ್ಟೆಯ ಮೇಲೆ ಕೂತ. ಅಪ್ಪ ಒಳಗೆ ಹೋಗಿ ಬಾಗಿಲ ಮರೆಗೆ ಕೂತ. ನಾನು ಅಳುತ್ತಲೇ ತಾನನಾ ಎಂದೆ. ಹೊಸಬ ಊದಿದ, ಒಂದು ಸ್ವರ ಜಾರಿತು. ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅಪ್ಪ, “ಊಂಹೂಂ, ಮತ್ತೊಮ್ಮಿ,” ಎಂದ.